ಕನ್ನಡಿ ಚೆಲ್ಲಿದ ಬೆಳಕಿನ ಲೆಕ್ಕ

ಪುಣೆಯಿಂದ ಸೋಲಾಪುರ, ಕಲಬುರ್ಗಿಗಳ ಕಡೆಗೆ ರೈಲಿನಲ್ಲಿ ಹೋಗಿಬರುವ ನಮ್ಮ ಬಂಧುಗಳು ದೌಂಡ ದಾಟಿದ ಮೇಲೆ, ಕುರ್ಡುವಾಡಿ ಬರುವುದಕ್ಕೆ ಮೊದಲು, ಜೇವೂರ ಎಂಬ ಸಣ್ಣ ನಿಲ್ದಾಣವನ್ನು ಕಂಡಿರಬಹುದು. ಹೆಸರಿನ ಕೊನೆಯಲ್ಲಿರುವ ‘ಊರು’ ನಮ್ಮ ಕಿವಿಗೆ ಹಿತವಾದುದೇ ಸರಿ. ಆದರೆ ಇಂದು ನಾನು ಹೇಳಹೊರಟಿರುವ ವಿಷಯ ಅದಲ್ಲ. 1898ರ ಜನವರಿ 22ರಂದು ಈ ಊರಿನ ಬಯಲಿನಲ್ಲಿ ಡೇರೆಗಳನ್ನು ಹೊಡೆದು, ದೂರದರ್ಶಕಗಳನ್ನೂ ಛಾಯಾಚಿತ್ರದ ಯಂತ್ರಗಳನ್ನೂ ನಿಲ್ಲಿಸಿಕೊಂಡು, ಕೆಲವು ವಿದ್ವಾಂಸರು ಸೂರ್ಯನ ಖಗ್ರಾಸ ಗ್ರಹಣಕ್ಕಾಗಿ ಕಾದು ಕುಳಿತಿದ್ದರು. ಅಮೇರಿಕೆಯ ಲಿಕ್ ವೇಧಶಾಲೆಯಿಂದ ಕ್ಯಾಂಪ್‌ಬೆಲ್ ಬಂದಿದ್ದರು. ನಮ್ಮ ಪುಣೆಯ ಕಾಲೇಜ್ ಆಫ್ ಸೈನ್ಸ್‌ನಿಂದ ಪ್ರೊಫೆಸರ್ ಕಾವಸಜಿ ದಾದಾಭಾಯಿ ನೇಗಾಮವಾಲಾ ಹೋಗಿದ್ದರು. ಇಷ್ಟು ಸಿದ್ಧತೆ, ಇಷ್ಟು ಖರ್ಚು, ಇಷ್ಟು ದೂರದ ಪ್ರಯಾಣ, ಎಲ್ಲವೂ ಎಷ್ಟು ಹೊತ್ತಿನ ನೋಟಕ್ಕಾಗಿ? ಸುಮಾರು ಎರಡೇ ನಿಮಿಷ.

ಆ ಎರಡು ನಿಮಿಷಗಳಲ್ಲಿ ಅವರು ನೋಡಬಯಸಿದ್ದು ಸೂರ್ಯನ ಸುತ್ತಲಿನ ಪ್ರಭಾವಲಯವನ್ನು. ಅದನ್ನೇ ಕರೋನಾ ಎನ್ನುತ್ತಾರೆ. ಮುತ್ತಿನ ಬಣ್ಣದ ಈ ತೆಳುವಾದ ಪ್ರಭೆ ಸೂರ್ಯನ ಸುತ್ತ ಸದಾಕಾಲವೂ ಇದ್ದೇ ಇದೆ. ಆದರೆ ಚಂದ್ರನು ಸೂರ್ಯಬಿಂಬವನ್ನು ಪೂರ್ತಿಯಾಗಿ ಮುಚ್ಚಿದ ಹೊರತು ಮನುಷ್ಯನ ಕಣ್ಣಿಗೆ ಬೀಳದು. ಏಕೆ ಬೀಳದು, ಗ್ರಹಣವಿಲ್ಲದೆ ಅದನ್ನು ನೋಡಲು ಏನೇನು ಮಾಡಬೇಕಾಯಿತು, ಆ ಪ್ರಯತ್ನದಲ್ಲಿ ಕನ್ನಡಿಯ ಒರಟುತನದ ಲೆಕ್ಕ ಹೇಗೆ ಬೆಳೆಯಿತು ಎಂಬುದೇ ಈ ಲೇಖನದ ವಿಷಯ. ನಾನು ವಾಣಿಜ್ಯಶಾಸ್ತ್ರ ಓದಿದವನು, ಬ್ಯಾಂಕಿನ ಗುಮಾಸ್ತ. ಭೌತಶಾಸ್ತ್ರದ ಪದವಿ ನನಗಿಲ್ಲ. ಆದರೆ ಜಮಾ-ಖರ್ಚು ತಾಳೆಯಾಗದೆ ಮನೆಗೆ ಹೋಗಬಾರದೆಂಬ ಕಸುಬಿನವನಿಗೆ ಈ ಇತಿಹಾಸದಲ್ಲಿ ರುಚಿ ಹುಟ್ಟುವುದು ಸಹಜವೆಂದು ವಾಚಕರು ಮುಂದೆ ಕಂಡುಕೊಳ್ಳುವರು.

ಗ್ರಹಣಗಳ ಮಾತಿಗೆ ಬಂದರೆ ನಮ್ಮ ನಾಡು ಭಾಗ್ಯಶಾಲಿಯೇ. 1868ರ ಆಗಸ್ಟ್ 18ರ ಖಗ್ರಾಸವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ನಿಂತು ನೋಡಿದರು. ಕ್ಯಾಪ್ಟನ್ ಹೇಗ್ ವಿಜಾಪುರದಲ್ಲಿದ್ದರು. 1871ರ ಡಿಸೆಂಬರ್ 12ರ ಗ್ರಹಣಕ್ಕೆ ನಾರ್ಮನ್ ಲಾಕಿಯರ್ ಕಾಸರಗೋಡಿನ ಬೇಕಲ ಕೋಟೆಗೆ ಬಂದರು. (ಇದೇ ಲಾಕಿಯರರು 1868ರಲ್ಲಿ ಕೊಂಕಣದ ವಿಜಯದುರ್ಗದ ಕೋಟೆಯಿಂದ ಹೀಲಿಯಮ್ಮನ್ನು ಕಂಡುಹಿಡಿದರೆಂದು ಈ ಕಡೆ ಬಹಳ ಜನ ನಂಬಿರುವುದುಂಟು. ಆಗ ಅವರು ಇಂಗ್ಲೆಂಡಿನಲ್ಲಿದ್ದರು. ವಿಜಯದುರ್ಗಕ್ಕೆ ಬಂದದ್ದು 1898ರಲ್ಲಿ.) ಆಮೇಲೆ ಜೇವೂರ. ಆಮೇಲೆ 1980ರ ಫೆಬ್ರವರಿ 16: ನೆರಳು ಅಂಕೋಲೆಯಲ್ಲಿ ನೆಲ ಹತ್ತಿ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಸಾಗಿತು. ನಮ್ಮ ಹಿರಿಯರಲ್ಲಿ ಕೆಲವರು ಅಂದು ಬಾಗಿಲು ಹಾಕಿಕೊಂಡು ಒಳಗೆ ಕುಳಿತವರು, ಕೆಲವರು ಅಟ್ಟ ಹತ್ತಿ ನೋಡಿದವರು. ಈ ನಾಲ್ಕು ಗ್ರಹಣಗಳ ಪೂರ್ಣತೆಯ ಕಾಲವನ್ನೆಲ್ಲ ಕೂಡಿಸಿದರೂ ಹದಿನೈದು ನಿಮಿಷ ತುಂಬುವುದಿಲ್ಲ. ನೂರಹನ್ನೆರಡು ವರ್ಷಗಳಲ್ಲಿ ಹದಿನೈದು ನಿಮಿಷ! ಇಷ್ಟು ಅಲ್ಪ ಆದಾಯದ ಮೇಲೆ ಯಾವ ಶಾಸ್ತ್ರ ತಾನೆ ಸಂಸಾರ ನಡೆಸೀತು?

ಗ್ರಹಣವಿಲ್ಲದೆ ನೋಡುವ ಯತ್ನಗಳು ನಡೆಯದೆ ಇರಲಿಲ್ಲ. ಇಂಗ್ಲೆಂಡಿನ ವಿಲಿಯಂ ಹಗ್ಗಿನ್ಸ್ 1882ರಿಂದ ಕೆಲವು ವರ್ಷ ಇದಕ್ಕಾಗಿ ದುಡಿದರು. ಅವರ ಫಲಕಗಳ ಮೇಲೆ ಸೂರ್ಯನ ಸುತ್ತ ಪ್ರಭೆಯಂಥದ್ದೇನೋ ಮೂಡಿತು. ಮೊದಮೊದಲು ಎಲ್ಲರಿಗೂ ಹಿಗ್ಗು. ಬರಬರುತ್ತ ಅದು ಸೂರ್ಯನ ಪ್ರಭೆಯಲ್ಲ, ಗಾಳಿಯೂ ಗಾಜೂ ಚೆಲ್ಲಿದ ಬೆಳಕು ಎಂಬ ಅನುಮಾನ ಬಲವಾಯಿತು. ಅಮೇರಿಕೆಯ ಹೇಲ್‌ರೂ ಮುಂದೆ ಇದೇ ಪ್ರಯತ್ನ ಮಾಡಿ ಸೋತರು.

ಸೋಲಿನ ಕಾರಣ ಒಂದು ಅಂಕಿಯಲ್ಲಿದೆ. ಸೂರ್ಯಬಿಂಬದ ಅಂಚಿಗೆ ಹೊಂದಿಕೊಂಡಿರುವ ಪ್ರಭಾವಲಯದ ಹೊಳಪು, ಬಿಂಬದ ಹೊಳಪಿನ ಹತ್ತು ಲಕ್ಷದಲ್ಲಿ ಒಂದು ಪಾಲು. ದೂರ ಹೋದಂತೆ ಇನ್ನೂ ಕಡಿಮೆ: ಕೋಟಿಯಲ್ಲಿ ಒಂದು, ಹತ್ತು ಕೋಟಿಯಲ್ಲಿ ಒಂದು. ಹತ್ತು ಲಕ್ಷ ರೂಪಾಯಿ ಎಣಿಸುವಾಗ ಒಂದು ರೂಪಾಯಿಯನ್ನು ಹುಡುಕುವ ಕೆಲಸವೆಂದರೆ ಅಷ್ಟು ಕಷ್ಟವಲ್ಲ ಎನಿಸಬಹುದು. ಕಷ್ಟ ಬೇರೆಡೆ ಇದೆ. ಆ ಹತ್ತು ಲಕ್ಷದಲ್ಲಿ ನೂರಾರು ರೂಪಾಯಿ ಎಣಿಸುವವನ ಕೈಯಿಂದಲೇ ಉದುರಿ, ನಾವು ಹುಡುಕುತ್ತಿರುವ ಒಂದು ರೂಪಾಯಿ ಬಿದ್ದಿರುವ ಜಾಗದಲ್ಲೇ ಬಿದ್ದಿದ್ದರೆ? ಯಾವುದು ಸೂರ್ಯನದು, ಯಾವುದು ನಮ್ಮ ಕೈಯಿಂದ ಉದುರಿದ್ದು ಎಂದು ಹೇಳುವುದು ಹೇಗೆ? ಬ್ಯಾಂಕಿನಲ್ಲಿ ಇಂಥದನ್ನು ಸಸ್ಪೆನ್ಸ್ ಖಾತೆಗೆ ಹಾಕಿ ತಾತ್ಕಾಲಿಕವಾಗಿ ನೆಮ್ಮದಿ ಪಡೆಯುತ್ತೇವೆ. ಖಗೋಳಶಾಸ್ತ್ರಕ್ಕೆ ಆ ಸೌಕರ್ಯವಿಲ್ಲ.

ಬೆಳಕನ್ನು ಚೆಲ್ಲುವವರು ಇಬ್ಬರು, ಗಾಳಿ ಮತ್ತು ಗಾಜು. ಗ್ರಹಣದಲ್ಲಿ ಚಂದ್ರನು ಬೆಳಕನ್ನು ಗಾಳಿಗೆ ತಾಗುವ ಮೊದಲೇ ತಡೆಯುವುದರಿಂದ ಇಬ್ಬರ ಬಾಧೆಯೂ ಒಟ್ಟಿಗೆ ಅಡಗುತ್ತದೆ. ಗ್ರಹಣವಿಲ್ಲದಾಗ ಗಾಳಿಯನ್ನು ತಪ್ಪಿಸಲು ಎತ್ತರದ ಬೆಟ್ಟ ಹತ್ತಬಹುದು, ಇಲ್ಲವೆ ಆಕಾಶಕ್ಕೇ ಹಾರಬಹುದು. ಗಾಜನ್ನಾಗಲಿ ಕನ್ನಡಿಯನ್ನಾಗಲಿ ತಪ್ಪಿಸುವ ಹಾಗಿಲ್ಲ. ಅದಿಲ್ಲದೆ ದೂರದರ್ಶಕವೇ ಇಲ್ಲ.

ನುಣುಪಾದ ಕನ್ನಡಿ ಬೆಳಕನ್ನು ಚೆಲ್ಲುವುದೇಕೆ? ಉತ್ತರ ನಮ್ಮ ಮನೆಯ ನೆಲದ ಮೇಲೆಯೇ ಇದೆ. ಪುಣೆಯ ಹಳೆಯ ವಾಡೆಗಳಲ್ಲಿ, ಚಾಳುಗಳಲ್ಲಿ ಹಾಸಿರುವ ಶಹಾಬಾದಿ ಫರಸಿಯನ್ನು ಎಲ್ಲರೂ ಬಲ್ಲರು. ನಮ್ಮ ಕಲಬುರ್ಗಿ ಜಿಲ್ಲೆಯ ಶಹಾಬಾದಿನ ಹೆಸರು ಹೊತ್ತು ಮನೆಮನೆ ಸೇರಿದ ಕಲ್ಲು. ವರ್ಷಗಟ್ಟಲೆ ತುಳಿದು ನುಣುಪಾದ ಅಂಥ ಫರಸಿಯನ್ನು ನಿಂತು ನೋಡಿದರೆ ಪ್ರತಿಬಿಂಬ ಕಾಣದು. ಅದೇ ನೆಲದ ಮೇಲೆ ಚಾಪೆ ಹಾಸಿ ಮಲಗಿ, ಕಣ್ಣನ್ನು ನೆಲಕ್ಕೆ ತಾಗುವಷ್ಟು ಕೆಳಗಿಟ್ಟು ಎದುರಿನ ಕಿಟಕಿಯತ್ತ ನೋಡಿರಿ: ಕಿಟಕಿ ಕಲ್ಲಿನಲ್ಲಿ ಮೂಡಿರುತ್ತದೆ. ಕಲ್ಲು ಬದಲಾಗಲಿಲ್ಲ, ನೋಡುವ ಕೋನ ಬದಲಾಯಿತು. ಹಾಗಾದರೆ ‘ನುಣುಪು’ ಎಂಬುದು ಕಲ್ಲಿನ ಗುಣ ಮಾತ್ರವಲ್ಲ. ಬೆಳಕು ಬಂದು ತಾಗುವ ರೀತಿಗೂ ಅದಕ್ಕೂ ಸಂಬಂಧವಿದೆ ಎಂದಾಯಿತಷ್ಟೆ.

ಈ ವಿಷಯವನ್ನು ಕುರಿತು ಚಿಂತಿಸಿದವರ ಸಾಲು ದೊಡ್ಡದು. ನ್ಯೂಟನ್ ತಾನೇ ಕೈಯಾರೆ ಕನ್ನಡಿ ತೀಡಿದವನು. ಪಾಲಿಶ್ ಎಂದರೆ ಗೀರುಗಳು ಇಲ್ಲವಾಗುವುದಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣವಾಗುವುದು ಎಂಬುದನ್ನು ಅವನು ತನ್ನ ಬೆಳಕಿನ ಗ್ರಂಥದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. 1760ರಲ್ಲಿ, ಒಂದೇ ವರ್ಷದಲ್ಲಿ, ಎರಡು ಗ್ರಂಥಗಳು ಹೊರಬಿದ್ದವು. ಲ್ಯಾಂಬರ್ಟ್ ಎಂಬವನು ಸುಣ್ಣದ ಗೋಡೆಯಂಥ ಪೂರ್ಣ ಒರಟು ಮೈಯ ಲೆಕ್ಕ ಕೊಟ್ಟನು: ಅದು ಯಾವ ಕಡೆಯಿಂದ ನೋಡಿದರೂ ಒಂದೇ ಹೊಳಪಿನದಾಗಿ ಕಾಣುತ್ತದೆ. ಎರಡು ವರ್ಷ ಮೊದಲೇ ತೀರಿಕೊಂಡಿದ್ದ ಬೂಗೆ ಎಂಬ ಫ್ರೆಂಚ್ ವಿದ್ವಾಂಸನ ಗ್ರಂಥದಲ್ಲಿ ಬೇರೆ ಕಲ್ಪನೆ ಇತ್ತು: ಒರಟು ಮೈಯೆಂದರೆ ಬೇರೆ ಬೇರೆ ದಿಕ್ಕಿಗೆ ವಾಲಿದ ಅಸಂಖ್ಯ ಪುಟ್ಟ ಕನ್ನಡಿಗಳ ಗುಂಪು. ಇಂದು ಸಿನೆಮಾದಲ್ಲಿ ಗಣಕಯಂತ್ರದಿಂದ ಬರೆಯುವ ಕಬ್ಬಿಣ, ಮರ, ಚರ್ಮಗಳ ಹೊಳಪೆಲ್ಲ ಬೂಗೆಯ ಈ ಪುಟ್ಟ ಕನ್ನಡಿಗಳ ಸಂತತಿಯೇ.

ಆದರೆ ದೂರದರ್ಶಕದ ಕನ್ನಡಿಯ ಮಟ್ಟಕ್ಕೆ ಬಂದರೆ ಪುಟ್ಟ ಕನ್ನಡಿಗಳ ಚಿತ್ರ ಸಾಲದು, ಬೆಳಕನ್ನು ಅಲೆಯೆಂದು ಎಣಿಸಬೇಕು. ಲಾರ್ಡ್ ರ‍್ಯಾಲೆ ಹಾಕಿಕೊಟ್ಟ ದಾರಿ ಇದು. ಒಂದು ಸಾಲಿನ ಸಿಪಾಯಿಗಳು ಹೆಜ್ಜೆ ಕೂಡಿಸಿ ಗೋಡೆಯವರೆಗೆ ನಡೆದು ಹಿಂದಿರುಗುತ್ತಿದ್ದಾರೆ ಎನ್ನಿ. ಗೋಡೆ ಸಮವಾಗಿದ್ದರೆ ಹಿಂದಿರುಗುವಾಗಲೂ ಸಾಲು ಸಾಲಾಗಿಯೇ ಇರುತ್ತದೆ. ಗೋಡೆಯಲ್ಲಿ ಒಂದೆಡೆ ತಗ್ಗಿದ್ದರೆ ಆ ಭಾಗದವರು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೆಚ್ಚು ನಡೆಯಬೇಕಾಗಿ ಹೆಜ್ಜೆ ತಪ್ಪುತ್ತಾರೆ. ತಗ್ಗಿನ ಆಳ ಬೆಳಕಿನ ತರಂಗಾಂತರದ ಎಂಟನೆಯ ಒಂದು ಪಾಲಿಗಿಂತ ಕಡಿಮೆಯಿದ್ದರೆ ಆ ಮೈಯನ್ನು ಸ್ಥೂಲವಾಗಿ ನುಣುಪೆನ್ನಬಹುದೆಂಬುದು ರ‍್ಯಾಲೆಯ ಹೆಸರಿನಲ್ಲಿ ನಿಂತ ನಿಯಮ. ಓರೆಯಾಗಿ ಬಂದ ಬೆಳಕಿಗೆ ತಗ್ಗಿನ ಆಳ ಕಡಿಮೆಯಾಗಿ ತೋರುತ್ತದೆ. ಶಹಾಬಾದಿ ಫರಸಿಯ ಒಗಟು ಇಲ್ಲಿ ಬಿಡಿಸಿತು.

ಇಲ್ಲಿ ಒಬ್ಬ ಭಾರತೀಯರ ಹೆಸರನ್ನು ನೆನೆಯಲೇಬೇಕು. 1919ರಲ್ಲಿ ಅಮೇರಿಕೆಯ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ, ಒರಟು ಮೈಗಳಿಂದಾಗುವ ನೇರ ಪ್ರತಿಫಲನವನ್ನು ಕುರಿತು ಟಿ. ಕೆ. ಚಿನ್ಮಯಾನಂದಂ ಎಂಬವರ ಪ್ರಬಂಧ ಪ್ರಕಟವಾಯಿತು. ಇವರು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರ ಬಳಗದಲ್ಲಿ ಕೆಲಸ ಮಾಡಿದವರು. ನಲವತ್ತು ವರ್ಷಗಳ ನಂತರ ಅಮೇರಿಕನ್ನರು ಇದೇ ಲೆಕ್ಕವನ್ನು ಕೈಗೆತ್ತಿಕೊಂಡಾಗ ಹಿಂದಿನವರ ಪೈಕಿ ಚಿನ್ಮಯಾನಂದಂ ಅವರನ್ನು ಹೆಸರಿಸಿದರು. ರಾಮನ್ನರ ಹೆಸರು ಎಲ್ಲ ಮಕ್ಕಳ ಬಾಯಲ್ಲಿದೆ, ಇವರ ಹೆಸರು ಯಾರ ಬಾಯಲ್ಲೂ ಇಲ್ಲ. ಅಂದಹಾಗೆ, ರಾಮನ್ನರು ಕಂಡುಹಿಡಿದು 1928ರ ಮಾರ್ಚ್ 16ರಂದು ಬೆಂಗಳೂರಿನ ಸಭೆಯಲ್ಲಿ ವಿವರಿಸಿದ ಚದರಿಕೆ ಬೇರೆ ಜಾತಿಯದು. ಅಲ್ಲಿ ಬೆಳಕು ಅಣುಗಳಿಗೆ ತಾಗಿ ಬಣ್ಣವನ್ನೇ ಬದಲಿಸುತ್ತದೆ. ಕನ್ನಡಿಯ ಒರಟುತನದಿಂದಾಗುವ ಚದರಿಕೆಯಲ್ಲಿ ಬಣ್ಣ ಬದಲಾಗದು, ದಾರಿ ಮಾತ್ರ ತಪ್ಪುತ್ತದೆ.

ಗ್ರಹಣದ ಹಂಗಿಲ್ಲದೆ ಪ್ರಭಾವಲಯವನ್ನು ಮೊದಲು ಕಂಡವರು ಫ್ರಾನ್ಸಿನ ಬರ್ನಾರ್ ಲಿಯೋ. 1930-31ರಲ್ಲಿ ಪಿರೆನೀಸ್ ಪರ್ವತದ ಪಿಕ್ ದ್ಯು ಮಿದಿ ಶಿಖರದ ಮೇಲೆ ಇದನ್ನು ಸಾಧಿಸಿದರು. ಅವರ ಬುದ್ಧಿವಂತಿಕೆ ಒಂದು ಹೊಸ ಯಂತ್ರ ಕಟ್ಟಿದ್ದರಲ್ಲಿ ಎಷ್ಟಿದೆಯೋ, ಚೆಲ್ಲುವ ಬೆಳಕನ್ನು ಬಾಬುವಾರು ಬರೆದಿಟ್ಟಿದ್ದರಲ್ಲಿ ಅಷ್ಟೇ ಇದೆ ಎಂದು ನನ್ನ ಅಭಿಪ್ರಾಯ. ಗಾಜಿನೊಳಗಿನ ಗುಳ್ಳೆಯಿಂದ ಚೆಲ್ಲುವುದು ಇಷ್ಟು, ಮೇಲ್ಮೈಯ ಗೀರಿನಿಂದ ಇಷ್ಟು, ಮಸೂರದ ಅಂಚಿಗೆ ತಾಗಿ ಬಾಗುವುದು ಇಷ್ಟು, ಗಾಜಿನ ಎರಡು ಮೈಗಳ ನಡುವೆ ಪುಟಿದು ಬರುವುದು ಇಷ್ಟು. ಪ್ರತಿಯೊಂದಕ್ಕೂ ಬೇರೆ ಉಪಾಯ. ಗುಳ್ಳೆಯಿಲ್ಲದ, ಅತಿ ಶ್ರದ್ಧೆಯಿಂದ ಪಾಲಿಶ್ ಮಾಡಿದ ಒಂಟಿ ಮಸೂರ. ಸೂರ್ಯಬಿಂಬವನ್ನು ಮುಚ್ಚಲು ಒಳಗೊಂದು ಬಿಲ್ಲೆ, ಅಂದರೆ ಒಂದು ಕೃತಕ ಚಂದ್ರ. ಅಂಚಿನ ಬೆಳಕನ್ನು ತಡೆಯಲು ಇನ್ನೊಂದು ಬಳೆ. ಈ ಯಂತ್ರಕ್ಕೆ ಕರೋನಾಗ್ರಾಫ್ ಎಂದು ಹೆಸರಾಯಿತು. ಇಷ್ಟೆಲ್ಲ ಮಾಡಿದ ಲಿಯೋ ನಿಜವಾದ ಗ್ರಹಣಗಳ ಮೋಹವನ್ನು ಬಿಡಲಿಲ್ಲ. 1952ರ ಫೆಬ್ರವರಿಯಲ್ಲಿ ಸುಡಾನಿಗೆ ಹೋಗಿ ಖಗ್ರಾಸ ಗ್ರಹಣ ನೋಡಿ, ಹಿಂದಿರುಗುವ ದಾರಿಯಲ್ಲಿ ಈಜಿಪ್ಟಿನ ರೈಲಿನಲ್ಲೇ ತೀರಿಕೊಂಡರು.

ಚೆಲ್ಲುವ ಬೆಳಕನ್ನು ಕಡಿಮೆ ಮಾಡುವುದು ಒಂದು ವಿದ್ಯೆ. ಎಷ್ಟು ಚೆಲ್ಲೀತೆಂದು ಮೊದಲೇ ಲೆಕ್ಕ ಹಾಕಿ ಹೇಳುವುದು ಇನ್ನೊಂದು. ಎರಡನೆಯದಕ್ಕೆ ಒತ್ತಾಸೆ ಬಂದದ್ದು ಕನ್ನಡಿಯಿಂದಲ್ಲ, ಕಡಲಿನಿಂದ. ಯುದ್ಧಕಾಲದ ರಾಡಾರ್ ಯಂತ್ರಗಳಿಗೆ ಸಮುದ್ರದ ತೆರೆಗಳಿಂದ ಹಿಂದಿರುಗುವ ಅಲೆಗಳು ದೊಡ್ಡ ತೊಡಕಾಗಿದ್ದವು. 1954ರಲ್ಲಿ ಎಚ್. ಡೇವೀಸ್ ಎಂಬವರು ಒರಟು ಮೈಯಿಂದ ರೇಡಿಯೋ ಅಲೆಗಳು ಚದುರುವ ಲೆಕ್ಕವನ್ನು ಪ್ರಕಟಿಸಿದರು. 1961ರಲ್ಲಿ ಅಮೇರಿಕೆಯ ಬೆನೆಟ್ ಮತ್ತು ಪೋರ್ಟಿಯಸ್ ಅದನ್ನೇ ಕನ್ನಡಿಗೆ ಅನ್ವಯಿಸಿದರು. 1963ರಲ್ಲಿ ಬೆಕ್‌ಮನ್, ಸ್ಪಿಜಿಚಿನೋ ಇಬ್ಬರ ದೊಡ್ಡ ಗ್ರಂಥ ಬಂದಿತು. ಸಮುದ್ರದ ತೆರೆ ಎಲ್ಲಿ, ಕನ್ನಡಿಯ ಮೈ ಎಲ್ಲಿ! ಆದರೆ ಗಣಿತಕ್ಕೆ ಬೇಕಾದುದು ಒಂದೇ ಪ್ರಮಾಣ: ಉಬ್ಬು-ತಗ್ಗಿನ ಎತ್ತರ ಅಲೆಯ ಉದ್ದದ ಎಷ್ಟನೆಯ ಪಾಲು?

ಬೆನೆಟ್-ಪೋರ್ಟಿಯಸ್ ಸೂತ್ರ ಗುಮಾಸ್ತನೂ ಮಾಡಬಹುದಾದ ಲೆಕ್ಕ. ಉಬ್ಬು-ತಗ್ಗಿನ ಸರಾಸರಿ ಎತ್ತರವನ್ನು 12.57ರಿಂದ ಗುಣಿಸಿ, ತರಂಗಾಂತರದಿಂದ ಭಾಗಿಸಿ, ಬಂದುದರ ವರ್ಗ ಮಾಡಿರಿ. ಪ್ರತಿಫಲಿಸಿದ ಬೆಳಕಿನಲ್ಲಿ ದಾರಿ ತಪ್ಪುವ ಪಾಲು ಅದೇ. ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಹಸಿರು ಬೆಳಕಿನ ತರಂಗಾಂತರ 530 ನ್ಯಾನೋಮೀಟರ್, ಕನ್ನಡಿಯ ಒರಟುತನ ಒಂದೇ ನ್ಯಾನೋಮೀಟರ್ ಎಂದಿಟ್ಟುಕೊಂಡರೆ, ಹತ್ತು ಲಕ್ಷದಲ್ಲಿ 562 ಪಾಲು ಚೆಲ್ಲುತ್ತದೆ. ನಮಗೆ ಬೇಕಾದ ಪ್ರಭಾವಲಯ, ಬಿಂಬದ ಅಂಚಿನಲ್ಲೇ, ಹತ್ತು ಲಕ್ಷದಲ್ಲಿ ಒಂದೇ ಪಾಲು! ಚೆಲ್ಲಿದ್ದು ಎಲ್ಲ ದಿಕ್ಕಿಗೂ ಹಂಚಿಹೋಗುವುದರಿಂದ ಎಲ್ಲವೂ ಒಂದೇ ಕಡೆ ಬೀಳುವುದಿಲ್ಲ ಎಂಬುದೊಂದು ಸಮಾಧಾನ. ಒರಟುತನವನ್ನು ಐದನೆಯ ಒಂದಕ್ಕೆ ಇಳಿಸಿದರೆ ಚೆಲ್ಲುವುದು ಇಪ್ಪತ್ತೈದನೆಯ ಒಂದಕ್ಕೆ ಇಳಿಯುತ್ತದೆ, ಅಂದರೆ ಸುಮಾರು 22 ಪಾಲು. ಇದು ವರ್ಗದ ಕೃಪೆ. ಸಾಲಗಾರನಿಗೆ ಚಕ್ರಬಡ್ಡಿ ಎಷ್ಟು ಕ್ರೂರವೋ ಪಾಲಿಶ್ ಮಾಡುವವನಿಗೆ ಈ ವರ್ಗ ಅಷ್ಟು ದಯಾಳು.

ಇಷ್ಟರಿಂದಲೇ ಲೆಕ್ಕ ಮುಗಿಯಲಿಲ್ಲ. ಎಷ್ಟು ಚೆಲ್ಲಿತೆಂಬುದರ ಜೊತೆಗೆ ಎಲ್ಲಿ ಚೆಲ್ಲಿತೆಂಬುದೂ ಬೇಕು. ಎರಡು ಕನ್ನಡಿಗಳ ಉಬ್ಬು-ತಗ್ಗಿನ ಎತ್ತರ ಒಂದೇ ಆಗಿರಬಹುದು. ಒಂದರಲ್ಲಿ ಅವು ರವೆಯ ಕಾಳಿನಂತೆ ಒತ್ತೊತ್ತಾಗಿ, ಇನ್ನೊಂದರಲ್ಲಿ ಉತ್ತ ಹೊಲದ ಸಾಲಿನಂತೆ ಅಗಲಗಲವಾಗಿ ಇರಬಹುದು. ಒತ್ತಾದ ಉಬ್ಬುಗಳು ಬೆಳಕನ್ನು ದೂರಕ್ಕೆ ಎಸೆಯುತ್ತವೆ. ಅಗಲವಾದವು ಹತ್ತಿರದಲ್ಲೇ ಚೆಲ್ಲುತ್ತವೆ. ಎಷ್ಟು ಹತ್ತಿರ? ಉಬ್ಬುಗಳ ನಡುವಣ ಅಂತರ ಮಿಲಿಮೀಟರಿನ ಹತ್ತನೆಯ ಒಂದು ಪಾಲಾದರೆ, ಹಸಿರು ಬೆಳಕು ಹೆಚ್ಚುಕಡಿಮೆ ಸೂರ್ಯನ ಒಂದು ತ್ರಿಜ್ಯದಷ್ಟು ಆಚೆಗೆ ಬೀಳುತ್ತದೆ. ಅಂತರ ಎರಡು ಮಿಲಿಮೀಟರಿಗೆ ಸ್ವಲ್ಪ ಮೀರಿದರೆ ತ್ರಿಜ್ಯದ ನೂರರಲ್ಲಿ ಐದು ಪಾಲಿನಷ್ಟು ಮಾತ್ರ ಆಚೆಗೆ, ಪ್ರಭಾವಲಯ ಆರಂಭವಾಗುವ ಜಾಗಕ್ಕೇ ಸರಿಯಾಗಿ! ಹಾಗಾಗಿ ಸೂರ್ಯನ ಕನ್ನಡಿಗೆ ಶತ್ರು ಯಾರೆಂದರೆ ಎರಡು ಮಿಲಿಮೀಟರ್ ಅಗಲದ, ಒಂದು ನ್ಯಾನೋಮೀಟರೂ ಎತ್ತರವಿಲ್ಲದ ಅಲೆ. ಆ ಎರಡು ಮಿಲಿಮೀಟರನ್ನು ಎರಡು ಕಿಲೋಮೀಟರಿಗೆ ಹಿಗ್ಗಿಸಿದರೆ, ಒಂದು ನ್ಯಾನೋಮೀಟರಿನ ಉಬ್ಬು ಒಂದು ಮಿಲಿಮೀಟರ್ ಆದೀತು. ಎರಡು ಕಿಲೋಮೀಟರ್ ಉದ್ದದ ಅಂಗಳವನ್ನು ಸಾರಿಸಿ ಎಲ್ಲಿಯೂ ಒಂದು ಮಿಲಿಮೀಟರ್ ಏರಿಳಿತವಿರಬಾರದೆಂದು ಹೇಳಿದರೆ ಯಾವ ಗೃಹಿಣಿ ಒಪ್ಪಿಯಾಳು? ಅಗಲವನ್ನೂ ಎತ್ತರವನ್ನೂ ಕೂಡಿಸಿ, ಇಂಥ ಮೈಯಿಂದ ಇಂಥ ಕೋನಕ್ಕೆ ಇಷ್ಟು ಬೆಳಕು ಎಂದು ಹೇಳುವ ರೀತಿಯನ್ನು 1970ರ ದಶಕದಲ್ಲಿ ಅಮೇರಿಕೆಯ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಹಾರ್ವೆ ಮತ್ತು ಅವರ ಗುರು ಶ್ಯಾಕ್ ರೂಪಿಸಿದರು. ಅಲ್ಲಿಂದ ಮುಂದೆ ಕನ್ನಡಿಯನ್ನು ಮಾಡುವ ಮೊದಲೇ ಕಾಗದದ ಮೇಲೆ, ಆಮೇಲೆ ಗಣಕಯಂತ್ರದಲ್ಲಿ, ಅದು ಚೆಲ್ಲುವ ಬೆಳಕನ್ನು ಕಾಣುವಂತಾಯಿತು.

ಇನ್ನು ನಮ್ಮ ನಾಡಿಗೆ ಹಿಂದಿರುಗೋಣ. ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ, ಇಂದು ಸಿ.ಓ.ಇ.ಪಿ. ಎಂದು ಎಲ್ಲರೂ ಕರೆಯುವ ಸಂಸ್ಥೆಯಲ್ಲಿ, ಭಾವನಗರದ ಮಹಾರಾಜ ತಖ್ತಸಿಂಹಜಿಯವರ ಹೆಸರಿನಲ್ಲಿ ಒಂದು ವೇಧಶಾಲೆ ಇತ್ತು. ನೇಗಾಮವಾಲಾ ಅದರ ಮುಖ್ಯಸ್ಥರು. 20 ಅಂಗುಲದ ಕನ್ನಡಿಯುಳ್ಳ, ಡಬ್ಲಿನ್ನಿನ ಗ್ರಬ್ ಕಂಪನಿ ಮಾಡಿದ ದೂರದರ್ಶಕ ಅಲ್ಲಿತ್ತು. ಆ ಕಾಲಕ್ಕೆ ಭಾರತದಲ್ಲಿ ಅಷ್ಟು ದೊಡ್ಡದು ಬೇರೊಂದಿರಲಿಲ್ಲ. 1912ರಲ್ಲಿ ನೇಗಾಮವಾಲಾ ನಿವೃತ್ತರಾದರು, ವೇಧಶಾಲೆಯನ್ನೂ ಮುಚ್ಚಿದರು. ಒಬ್ಬ ಮನುಷ್ಯನ ಮೇಲೆ ನಿಂತ ಸಂಸ್ಥೆ ಅವನೊಡನೆಯೇ ಎದ್ದುಹೋಗುವುದು ನಮ್ಮ ದೇಶದಲ್ಲಿ ಹೊಸದೇನಲ್ಲ. ದೂರದರ್ಶಕವನ್ನು ದಕ್ಷಿಣದ ಕೊಡೈಕಾನಲ್ ವೇಧಶಾಲೆಗೆ ಸಾಗಿಸಲಾಯಿತು. ಪುಣೆಯಲ್ಲಿ ಇಂದು ಅದನ್ನು ನೆನೆಯುವವರು ವಿರಳ.

ಆ ಕೊಡೈಕಾನಲ್ ವೇಧಶಾಲೆಯೇ 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ, ಮುಂದೆ ಬೆಂಗಳೂರಿನ ಕೋರಮಂಗಲಕ್ಕೆ ಬಂದು ನೆಲೆಸಿತು. ನಿರ್ದೇಶಕರು ವೇಣು ಬಾಪು. ಕನ್ನಡಿಯನ್ನು ಪರದೇಶದಿಂದ ಕೊಂಡು ತರುವುದಕ್ಕಿಂತ ಇಲ್ಲಿಯೇ ತೀಡಬೇಕೆಂಬುದು ಅವರ ಹಟ. ಎ. ಪಿ. ಜಯರಾಜನ್ ಎಂಬವರ ಮುಂದಾಳುತನದಲ್ಲಿ ಕಾವಲೂರಿನ 2.34 ಮೀಟರ್ ವ್ಯಾಸದ ದೊಡ್ಡ ಕನ್ನಡಿಯನ್ನು ಬೆಂಗಳೂರಿನಲ್ಲಿಯೇ ತೀಡಿ ಪಾಲಿಶ್ ಮಾಡಿದರು. 1986ರ ಜನವರಿಯಲ್ಲಿ ಆ ದೂರದರ್ಶಕ ದೇಶಕ್ಕೆ ಅರ್ಪಿತವಾಯಿತು. ಅಷ್ಟರಲ್ಲಿ ಬಾಪು ಅವರು 1982ರಲ್ಲೇ ಗತಿಸಿದ್ದರು.

1980ರ ಗ್ರಹಣಕ್ಕೆ ರಾಯಚೂರು ಜಿಲ್ಲೆಯ ಜವಳಗೇರಾ ಮೊದಲಾದ ಊರುಗಳಲ್ಲಿ ವಿಜ್ಞಾನಿಗಳ ತಂಡಗಳು ಬೀಡುಬಿಟ್ಟಿದ್ದವು. ಬಾಪು ಅವರ ಪ್ರೇರಣೆಯಿಂದ ಆ ಗ್ರಹಣವನ್ನು ನೋಡಿದವರಲ್ಲಿ ಜಗದೇವ ಸಿಂಗ್ ಎಂಬ ತರುಣರಿದ್ದರು. ಮುಂದೆ 2010ರವರೆಗೆ ಅವರು ದೇಶ-ವಿದೇಶಗಳಲ್ಲಿ ಹತ್ತು ಗ್ರಹಣಗಳ ಬೆನ್ನುಹತ್ತಿದರು. ಪ್ರತಿಸಲವೂ ಕೆಲವೇ ನಿಮಿಷಗಳ ನೋಟ, ಅದೂ ಮೋಡ ಅಡ್ಡ ಬರದಿದ್ದರೆ. ದಿನವಿಡೀ ನೋಡುವ ಉಪಾಯವಾಗಬೇಕು, ಕರೋನಾಗ್ರಾಫನ್ನು ಆಕಾಶಕ್ಕೆ ಕಳಿಸಬೇಕು ಎಂಬ ಅವರ ಹಂಬಲವೇ ಮುಂದೆ ಆದಿತ್ಯ ನೌಕೆಯ ಮುಖ್ಯ ಯಂತ್ರವಾಗಿ ಬೆಳೆಯಿತು. ವೆಲ್ಕ್ ಎಂದು ಅದರ ಸಂಕ್ಷಿಪ್ತ ಹೆಸರು.

ಆಕಾಶಕ್ಕೆ ಕರೋನಾಗ್ರಾಫ್ ಕಳಿಸಿದವರಲ್ಲಿ ನಮ್ಮವರು ಮೊದಲಿಗರಲ್ಲ. 1995ರ ಡಿಸೆಂಬರಿನಲ್ಲಿ ಹೊರಟ ಸೋಹೋ ನೌಕೆ ಸೂರ್ಯನ ಸಾವಿರಾರು ಸ್ಫೋಟಗಳನ್ನು ತೋರಿಸಿದೆ. ಆದರೆ ಅದರ ಬಹುಕಾಲ ಬಾಳಿದ ಯಂತ್ರಗಳಲ್ಲಿ ಬಿಲ್ಲೆ ಮಸೂರದ ಹೊರಗೆ, ಮುಂದುಗಡೆ ಇದೆ. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡುತ್ತೇವಲ್ಲ, ಹಾಗೆ. ಸೂರ್ಯನ ನೇರ ಬೆಳಕು ಮಸೂರಕ್ಕೆ ತಾಗುವುದೇ ಇಲ್ಲವಾದ್ದರಿಂದ ಚೆಲ್ಲುವ ಭಯ ಕಡಿಮೆ. ಬೆಲೆ ಏನೆಂದರೆ, ಅಡ್ಡ ಹಿಡಿದ ಕೈ ಸೂರ್ಯನ ಹತ್ತಿರದ ಪ್ರಭೆಯನ್ನೂ ಮುಚ್ಚುತ್ತದೆ. ಸ್ಫೋಟಗಳು ಹುಟ್ಟುವುದು ಅಲ್ಲಿಯೇ! ಬೆಂಗಳೂರಿನವರು ಸೂರ್ಯನ ಕೇಂದ್ರದಿಂದ 1.05 ತ್ರಿಜ್ಯದಷ್ಟು ಹತ್ತಿರದಿಂದ ನೋಡಬೇಕೆಂದು ನಿಶ್ಚಯಿಸಿದರು. ಹಾಗೆ ನೋಡಬೇಕಾದರೆ ಬಿಲ್ಲೆಯ ಕೆಲಸ ಒಳಗೇ ಆಗಬೇಕು. ಸೂರ್ಯನ ಪೂರ್ಣ ಬೆಳಕು ಮೊದಲ ಕನ್ನಡಿಯ ಮೇಲೆ ಬೀಳಲೇಬೇಕು. ವೆಲ್ಕ್‌ನಲ್ಲಿ ಮೊದಲ ಕನ್ನಡಿ ಸೂರ್ಯನ ಬಿಂಬವನ್ನು ಎರಡನೆಯ ಕನ್ನಡಿಯ ಮೇಲೆ ಮೂಡಿಸುತ್ತದೆ. ಆ ಎರಡನೆಯದರ ನಡುವೆ ಒಂದು ರಂಧ್ರ. ಬಿಂಬದ ಬೆಳಕೆಲ್ಲ ರಂಧ್ರದ ಮೂಲಕ ಹೊರಟುಹೋಗುತ್ತದೆ. ಸುತ್ತಲಿನ ಪ್ರಭೆ ಮಾತ್ರ ಪ್ರತಿಫಲಿಸಿ ಒಳಗೆ ಸಾಗುತ್ತದೆ. ಬಾಗಿಲಲ್ಲಿ ದೊಡ್ಡ ಜನಜಂಗುಳಿಯನ್ನು ಬೇರೆ ದಾರಿಗೆ ಹಚ್ಚಿ, ಹೆಸರಿದ್ದ ಒಬ್ಬನನ್ನು ಮಾತ್ರ ಒಳಗೆ ಬಿಟ್ಟಂತೆ.

ಉಪಾಯ ಸೊಗಸಾದುದು. ಆದರೆ ಮೊದಲ ಕನ್ನಡಿ ಚೆಲ್ಲಿದ ಬೆಳಕು ರಂಧ್ರದೊಳಗೆ ಹೋಗದೆ ಅದರ ಸುತ್ತ ಬಿದ್ದರೆ, ಮುಂದಿನ ಯಾವ ಉಪಾಯದಿಂದಲೂ ಅದನ್ನು ಬೇರ್ಪಡಿಸಲಾಗದು. ಅದು ಪ್ರಭೆಯ ವೇಷದಲ್ಲೇ ಒಳಗೆ ಬರುತ್ತದೆ. ಹಗ್ಗಿನ್ಸ್ ಮೋಸಹೋದದ್ದೂ ಇದರಿಂದಲೇ. ಹೀಗಾಗಿ ಇಡೀ ಯಂತ್ರದ ಮಾನ ಒಂದು ಕನ್ನಡಿಯ ಮೈಯ ಮೇಲೆ ನಿಂತಿತು. ಒರಟುತನ ನ್ಯಾನೋಮೀಟರಿನ ಸಣ್ಣ ಪಾಲಿನಷ್ಟು ಮಾತ್ರ ಇರಬೇಕು. ಎಷ್ಟಿದ್ದರೆ ಎಷ್ಟು ಚೆಲ್ಲೀತು, ಸೂರ್ಯನಿಂದ ಯಾವ ದೂರದಲ್ಲಿ ಅದು ನಿಜವಾದ ಪ್ರಭೆಯನ್ನು ನುಂಗೀತು ಎಂಬುದನ್ನು ಗಣಕಯಂತ್ರದಲ್ಲಿ ಮೊದಲೇ ಚಿತ್ರಿಸಿ, ಅದಕ್ಕೆ ತಕ್ಕಂತೆ ಪಾಲಿಶ್‌ನ ಮಿತಿ ಗೊತ್ತುಮಾಡಬೇಕಾಯಿತು. ರ‍್ಯಾಲೆ, ಚಿನ್ಮಯಾನಂದಂ, ಡೇವೀಸ್, ಬೆನೆಟ್, ಹಾರ್ವೆ ಇವರೆಲ್ಲರ ದುಡಿಮೆಯೂ ಈ ಒಂದು ಮಿತಿಯೊಳಗೆ ಬಂದು ಸೇರಿತು.

ಧೂಳಿನದು ಬೇರೆ ಕತೆ. ಎಷ್ಟೇ ನುಣುಪಾಗಿ ತೀಡಿದರೂ, ಮೇಲೆ ಕುಳಿತ ಒಂದೊಂದು ಕಣವೂ ಬೆಳಕು ಚೆಲ್ಲುವ ಪುಟ್ಟ ಅಂಗಡಿ ತೆರೆಯುತ್ತದೆ. ಹೊಸಕೋಟೆಯಲ್ಲಿರುವ ಖಭೌತ ಸಂಸ್ಥೆಯ ಆವರಣದಲ್ಲಿ, ಎಂ. ಜಿ. ಕೆ. ಮೆನನ್ ಪ್ರಯೋಗಶಾಲೆಯ ಧೂಳಿಲ್ಲದ ಕೋಣೆಗಳಲ್ಲಿ, ಮೈತುಂಬ ಬಿಳಿಯ ಹೊದಿಕೆ ಹೊದ್ದು, ಉಸಿರು ಹಿಡಿದವರಂತೆ ಈ ಯಂತ್ರವನ್ನು ಜೋಡಿಸಿದರು. ಹೊಸಕೋಟೆಯ ಹೆದ್ದಾರಿಯ ಧೂಳನ್ನು ಬಲ್ಲವರಿಗೆ ಈ ಸಾಹಸದ ಅರ್ಥ ತಕ್ಷಣ ಹೊಳೆಯುತ್ತದೆ. 2023ರ ಜನವರಿ 26ರಂದು ವೆಲ್ಕನ್ನು ಇಸ್ರೋಗೆ ಒಪ್ಪಿಸಿದರು.

ಪುಣೆಗೂ ಈ ನೌಕೆಯಲ್ಲಿ ದೊಡ್ಡ ಪಾಲಿದೆ. ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿರುವ ಐಯುಕಾ ಸಂಸ್ಥೆ, ಮಣಿಪಾಲದ ವಿಶ್ವವಿದ್ಯಾಲಯವೂ ಸೇರಿದಂತೆ ಹಲವು ಸಂಸ್ಥೆಗಳ ಜೊತೆಗೂಡಿ, ಸೂಟ್ ಎಂಬ ಇನ್ನೊಂದು ದೂರದರ್ಶಕವನ್ನು ಕಟ್ಟಿಕೊಟ್ಟಿತು. ದುರ್ಗೇಶ ತ್ರಿಪಾಠಿ ಮತ್ತು ಎ. ಎನ್. ರಾಮಪ್ರಕಾಶ್ ಅದರ ಮುಖ್ಯರು. ಇದು ಪ್ರಭೆಯನ್ನಲ್ಲ, ಸೂರ್ಯಬಿಂಬವನ್ನೇ ನೋಡುತ್ತದೆ. ಆದರೆ 200ರಿಂದ 400 ನ್ಯಾನೋಮೀಟರಿನ ಅತಿನೇರಳೆ ಬೆಳಕಿನಲ್ಲಿ. ಬಿಂಬವನ್ನೇ ನೋಡುವವರಿಗೆ ಚದರಿಕೆಯ ಚಿಂತೆಯೇಕೆ ಎಂದು ಕೇಳಬಹುದು. ಸೂತ್ರವನ್ನು ಮತ್ತೊಮ್ಮೆ ತೆಗೆಯಿರಿ. ತರಂಗಾಂತರ 530ರಿಂದ 280ಕ್ಕೆ ಇಳಿದರೆ, ಅದೇ ಒಂದು ನ್ಯಾನೋಮೀಟರಿನ ಒರಟುತನ ಹತ್ತು ಲಕ್ಷದಲ್ಲಿ 562ರ ಬದಲು ಸುಮಾರು 2,015 ಪಾಲು ಚೆಲ್ಲುತ್ತದೆ, ಮೂರೂವರೆ ಪಟ್ಟಿಗೂ ಮಿಗಿಲು. ಹಸಿರಿಗೆ ನುಣುಪಾದ ಕನ್ನಡಿ ಅತಿನೇರಳೆಗೆ ಒರಟು. ಮೇಲಾಗಿ ಸೂರ್ಯನಲ್ಲಿ ಅತಿನೇರಳೆಗಿಂತ ಕಣ್ಣಿಗೆ ಕಾಣುವ ಬೆಳಕೇ ಎಷ್ಟೋ ಹೆಚ್ಚು. ಅದು ನುಸುಳಿ ಚದುರಿದರೆ ಚಿತ್ರವೆಲ್ಲ ಮಸುಕು. ಅದಕ್ಕಾಗಿಯೇ ಸೂಟ್‌ನಲ್ಲಿ ಹನ್ನೊಂದು ಬಗೆಯ ಶೋಧಕಗಳಿವೆ.

2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹೊರಟ ಆದಿತ್ಯ ಎಲ್-1, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆಯನ್ನು ಸೇರಿತು. ಅಲ್ಲಿ ಗಾಳಿಯಿಲ್ಲ, ರಾತ್ರಿಯಿಲ್ಲ, ಸೂರ್ಯನಿಗೆ ಗ್ರಹಣವೂ ಇಲ್ಲ. ನೌಕೆ ಕಕ್ಷೆ ಸೇರುವ ಮೊದಲೇ, 2023ರ ಡಿಸೆಂಬರಿನಲ್ಲಿ, ಸೂಟ್ ತೆಗೆದ ಪೂರ್ಣಬಿಂಬದ ಚಿತ್ರಗಳು ಹೊರಬಂದವು. 2024ರ ಜುಲೈ 16ರಂದು ಸೂರ್ಯನಿಂದ ಚಿಮ್ಮಿದ ಒಂದು ದೊಡ್ಡ ಉಗುಳಿಕೆಯನ್ನು, ಅದು ಹೊರಟ ಜಾಗದ ಹತ್ತಿರದಲ್ಲೇ, ವೆಲ್ಕ್ ಹಿಡಿದು ಅದು ಆರಂಭವಾದ ಹೊತ್ತನ್ನು ತಿಳಿಸಿತು. ಅದಕ್ಕೆ ಸಹಾಯವಾದದ್ದು 530.3 ನ್ಯಾನೋಮೀಟರಿನ ಹಸಿರು ರೇಖೆ. 1869ರ ಗ್ರಹಣದಲ್ಲಿ ಅಮೇರಿಕೆಯವರು ಮೊದಲು ಕಂಡು, ಭೂಮಿಯಲ್ಲಿಲ್ಲದ ಹೊಸ ಧಾತುವೆಂದು ಎಣಿಸಿ ‘ಕೊರೋನಿಯಂ’ ಎಂದು ಹೆಸರಿಟ್ಟಿದ್ದ ರೇಖೆ ಅದು. ಎಪ್ಪತ್ತು ವರ್ಷಗಳ ಮೇಲೆ ಗ್ರೋಟ್ರಿಯನ್, ಎಡ್ಲೆನ್ ಇಬ್ಬರೂ ಅದು ನಮ್ಮ ಒಲೆಯ ಮುಂದಿನ ಕಬ್ಬಿಣವೇ, ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣ ಎಂದು ತೋರಿಸಿದರು. ಪ್ರಭಾವಲಯದ ಶಾಖ ಹತ್ತು ಲಕ್ಷ ಡಿಗ್ರಿಗಳಿಗೂ ಮಿಗಿಲೆಂದು ತಿಳಿದದ್ದು ಆಗಲೇ.

ಸೂರ್ಯನ ಮೈಗಿಂತ ಅದರ ಹೊರಗಿನ ಪ್ರಭೆ ಇನ್ನೂರು ಪಟ್ಟು ಬಿಸಿಯೇಕೆ ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಅದನ್ನು ಬಿಡಿಸಲು ಹೊರಟವರು ಒಂದೊಂದು ಚಿತ್ರದಿಂದಲೂ ಮೊದಲು ಯಂತ್ರವೇ ಚೆಲ್ಲಿದ ಬೆಳಕಿನ ಪಾಲನ್ನು ಕಳೆದು, ಉಳಿದದ್ದನ್ನು ಮಾತ್ರ ಸೂರ್ಯನ ಹೆಸರಿಗೆ ಜಮಾ ಮಾಡುತ್ತಾರೆ.